ಕೊಳವೆಯ ಒಳಗಿನ ಗುರುತು

19 ಆಗಸ್ಟ್ 1994

ತಂಗೀ,

ನೀನು ವಿಮಾನ ಹತ್ತಿ ಹನ್ನೊಂದು ದಿನವಾಯಿತು. ಅಮೆರಿಕದಿಂದ ಒಂದು ಫೋನ್ ಬಂತು, ಅದರಲ್ಲಿ ನೀನು ಹೇಳಿದ್ದು "ತಲುಪಿದೆ" ಅಂತ ಒಂದೇ ಮಾತು. ಉಳಿದದ್ದೆಲ್ಲ ಗೊರಗೊರ. ಅಷ್ಟಕ್ಕೇ ಅಮ್ಮ ಬೀದಿಗೆಲ್ಲ ಸುದ್ದಿ ಮುಟ್ಟಿಸಿದ್ದಾಳೆ. ಎದುರು ಮನೆಯ ಟೈಲರು ನಿನ್ನ ವಿಶ್ವವಿದ್ಯಾಲಯದ ಹೆಸರನ್ನು ನನಗಿಂತ ಚೆನ್ನಾಗಿ ಹೇಳುತ್ತಾನೆ.

ವರ್ಕ್‌ಶಾಪಿನಲ್ಲಿ ನಿನ್ನ ಸ್ಟೂಲು ಖಾಲಿ ಇದೆ. ಅದರ ಮೇಲೆ ಒಂದು ಶಾಲೆಯ ಆರು ಮೈಕ್ರೋಸ್ಕೋಪುಗಳ ಪೆಟ್ಟಿಗೆ ಇಟ್ಟಿದ್ದೇನೆ, ಖಾಲಿ ಕಾಣದಿರಲಿ ಅಂತ. ಇವತ್ತು ಕೆಲಸ ಕಡಿಮೆ ಇತ್ತು, ಗಾಜಿನ ಗೂಡು ಒರೆಸಿದೆ. ಅಪ್ಪನ ಸ್ವಂತ ಮೈಕ್ರೋಸ್ಕೋಪು ಹೋದ ಸಲ ನೀನು ನೋಡಿದ ಹಾಗೇ ಮಿರಮಿರ ಮಿಂಚುತ್ತಿದೆ. ಗೂಡಿನ ಮೂರು ಕಡೆ ಒರೆಸಿದೆ, ಗೋಡೆ ಕಡೆಯದನ್ನು ಬಿಟ್ಟೆ. ಅದು ಯಾರ ಕಣ್ಣಿಗೆ ಬೀಳುತ್ತೆ?

ನಿನ್ನ ಪೆಟ್ಟಿಗೆಯಲ್ಲಿ ಸ್ವೆಟರಿನ ಕೆಳಗೆ ಅಪ್ಪನ ಸಣ್ಣ ತಿರುಪುಳಿಗಳ ಕಟ್ಟು ಇದೆ. ಬೈಯಬೇಡ. ಓದುವುದಕ್ಕೆ ಹೋದವಳಿಗೆ ತಿರುಪುಳಿ ಯಾಕೆ ಅಂತೀಯ, ಗೊತ್ತು. ಜೊತೆಗಿರಲಿ. ಅಪ್ಪ ಹೋಗಿ ಆರು ವರ್ಷವಾಯಿತು, ಅವರ ಕೈಯ ಸಾಮಾನು ಒಂದಾದರೂ ವಿಮಾನ ಹತ್ತಲಿ.

ಊಟ ಸರಿಯಾಗಿ ಮಾಡು. ಕೋಟು ಕೊಂಡೆಯಾ? ಉದ್ದ ಬರೆ.

ಅಕ್ಕ

*

10 ಸೆಪ್ಟೆಂಬರ್ 1994

ಅಕ್ಕಾ,

ಎಲ್ಲ ಚೆನ್ನಾಗಿದೆ. ನನ್ನ ಕೋಣೆಗೆ ಒಂದೇ ಕಿಟಕಿ, ಅದರ ಹೊರಗೆ ಇನ್ನೊಂದು ಕಟ್ಟಡದ ಗೋಡೆ. ಜೊತೆಗಾತಿ ಗಿಡಗಳ ಬಗ್ಗೆ ಓದುವವಳು. ಇಡೀ ದಿನ ಮಣ್ಣು, ಸಂಜೆ ಬಂದು ಬೂಟು ತೊಳೆಯುವುದೇ ಅವಳ ಕೆಲಸ. ಪಾಠ ಅರ್ಥವಾಗುತ್ತದೆ. ಮೇಷ್ಟ್ರು ತಮಾಷೆ ಮಾಡಿದಾಗ ಮಾತ್ರ ಒಂದು ಕ್ಷಣ ತಡವಾಗಿ ನಗುತ್ತೇನೆ.

ನನಗೆ ಸಹಾಯಕಿ ಕೆಲಸ ಕೊಟ್ಟಿರುವುದು ಉಪಕರಣಗಳ ಕೋಣೆಯಲ್ಲಿ. ನೆಲಮಾಳಿಗೆ, ಉದ್ದಕ್ಕೆ ಕಪಾಟುಗಳು, ಎಣ್ಣೆಯ ವಾಸನೆ. ಕಣ್ಣು ಮುಚ್ಚಿದರೆ ನಮ್ಮ ವರ್ಕ್‌ಶಾಪು. ಅಲ್ಲಿನ ಮುಖ್ಯಸ್ಥರು ವಯಸ್ಸಾದವರು. ಮೂಗಿನ ಮೇಲೊಂದು ಕನ್ನಡಕ, ಹಣೆಯ ಮೇಲೊಂದು. ನಾನು ಮನಸ್ಸಿನಲ್ಲೇ ಅವರಿಗೆ 'ಜೋಡಿ ಕನ್ನಡಕ' ಅಂತ ಹೆಸರಿಟ್ಟಿದ್ದೇನೆ. ಮಾತು ಕಡಿಮೆ, ಒಳ್ಳೆಯವರು.

ಒಂದು ವಿಷಯ. ನಿನಗೆ ಹದಿನಾರು ವರ್ಷವಿದ್ದಾಗ ವೈದ್ಯಕೀಯ ಕಾಲೇಜಿನ ದೊಡ್ಡ ಮೈಕ್ರೋಸ್ಕೋಪು ರಿಪೇರಿ ಮಾಡಿದೆಯಲ್ಲ, ನಡುವಿನ ಅಂಟು ಹಳದಿಯಾಗಿದ್ದ ಜೋಡಿ ಲೆನ್ಸು ಬಿಡಿಸಿ, ತೊಳೆದು, ಮತ್ತೆ ಕೂರಿಸಿದ್ದು. ಅದನ್ನು ಹೇಗೆ ಬಿಡಿಸಿದೆ? ಎಷ್ಟು ಬಿಸಿ, ಎಷ್ಟು ಹೊತ್ತು? ಇಲ್ಲೊಬ್ಬ ಗೆಳತಿ ಕೇಳುತ್ತಿದ್ದಾಳೆ. ಸುಮ್ಮನೆ ಕುತೂಹಲ. ಬೇಗ ಬರೆ.

ಅಮ್ಮನಿಗೆ ಹೇಳು, ಕೋಟು ಕೊಂಡೆ.

ತಂಗಿ

*

26 ಸೆಪ್ಟೆಂಬರ್ 1994

ತಂಗೀ,

ನಿನ್ನ ಕಾಗದ ಬಂದ ದಿನ ಅಮ್ಮ ಅದನ್ನು ಮೂರು ಸಲ ಓದಿಸಿಕೊಂಡಳು. ಮೂರನೇ ಸಲ ಓದುವಾಗ ನಾನೇ ಎರಡು ಸಾಲು ಸೇರಿಸಿದೆ, ಅಮ್ಮನ ನೆನಪಾಗಿ ಅತ್ತೆ ಅಂತ. ಮುಂದಿನ ಸಲ ನೀನೇ ಬರೆದುಬಿಡು, ನನಗೆ ಕಥೆ ಕಟ್ಟುವ ತಾಪತ್ರಯ ತಪ್ಪುತ್ತದೆ.

ಆ ಹಳೇ ಕಥೆ ನಿನ್ನ ಗೆಳತಿಗೆ ಯಾಕೆ? ಯಾರವಳು, ಬೂಟು ತೊಳೆಯುವವಳಾ? ಅವಳು ಗಿಡ ನೋಡಿಕೊಳ್ಳಲಿ. ಮನೆ ನೆನಪಾಗಿ ಎಲ್ಲರ ಮುಂದೆ ಅಕ್ಕನನ್ನು ಹೊಗಳುತ್ತಾ ಕೂತಿದ್ದೀಯ ಅಂತ ಕಾಣುತ್ತದೆ. ಬಿಡು ಅದನ್ನು. ಹದಿನೆಂಟು ವರ್ಷದ ಹಿಂದಿನ ಮಾತು, ನನಗೂ ನೆನಪಿಲ್ಲ. ಅದೃಷ್ಟ ಇತ್ತು ಅಂತ ಹೇಳು, ಸಾಕು.

ಶಾಲೆಯ ಆರೂ ಮುಗಿದವು. ಒಂದರ ಕೊಳವೆಯೊಳಗೆ ಅಪ್ಪನ ಗುರುತು ಸಿಕ್ಕಿತು, ಮೂರು ಅಡ್ಡಗೀಟು, ಪಕ್ಕದಲ್ಲಿ ತಾರೀಕು. ಅದರ ಕೆಳಗೇ ನನ್ನದನ್ನು ಗೀರಿದೆ. ಮೂರು ಗೀಟು, ಒಂದು ಚುಕ್ಕೆ. ಬಿಚ್ಚಿದವರು ಒಳಗೆ ಗುರುತು ಹಾಕದೆ ಮುಚ್ಚಬಾರದು, ಕೆಲಸ ಕೆಟ್ಟಿದ್ದರೂ ಹಾಕಬೇಕು ಅಂತ ಅಪ್ಪ ಎಷ್ಟು ಸಲ ಬಡಿದುಕೊಂಡಿಲ್ಲ? ಮುಂದೆ ಬಿಚ್ಚುವವನಿಗೆ ನಿಜ ಗೊತ್ತಾಗಲಿ ಅಂತ. ನಿನಗಿನ್ನೂ ಒಂದು ಗುರುತು ಕೊಡಲಿಲ್ಲ ಅಂತ ಈಗ ಅನ್ನಿಸುತ್ತಿದೆ. ಓದಿ ಬಾ, ಕೊಡೋಣ.

ಅಕ್ಕ

*

12 ಅಕ್ಟೋಬರ್ 1994

ಅಕ್ಕಾ,

ಇದನ್ನು ಅಮ್ಮನಿಗೆ ಓದಬೇಡ.

ಗೆಳತಿ ಯಾರೂ ಇಲ್ಲ. ಕೇಳಿದ್ದು ನಾನೇ, ನನಗಾಗಿ.

ಅರ್ಜಿ ಹಾಕುವಾಗ ಒಂದು ಪ್ರಬಂಧ ಬರೆಯಬೇಕಿತ್ತು, ನಿನಗೆ ನೆನಪಿರಬಹುದು. ಬಸ್ ನಿಲ್ದಾಣದ ಪಕ್ಕದ ಟೈಪಿಸ್ಟ್ ಹತ್ತಿರ ಎರಡು ಸಲ ಹೊಡೆಸಿದೆ. ನಿನ್ನ ಕೈಯಾರೆ ಮಾಡಿದ ಒಂದು ಕೆಲಸದ ಬಗ್ಗೆ ಬರೆ ಅಂತ ಪ್ರಶ್ನೆ. ನಾನು ಕೈಯಾರೆ ಏನು ಮಾಡಿದ್ದೆ ಹೇಳು? ನೀನು ಬಿಚ್ಚಿಕೊಟ್ಟ ತಿರುಪುಗಳನ್ನು ಬಟ್ಟಲಿನಲ್ಲಿ ತೊಳೆದಿದ್ದೆ. ಅದನ್ನೇ ಬರೆದು ಹರಿದು ಹಾಕಿದೆ. ಆಮೇಲೆ ನಿನ್ನ ಕಥೆ ಬರೆದೆ. ವೈದ್ಯಕೀಯ ಕಾಲೇಜು, ಹಳದಿ ಅಂಟು, ಮರಳಿನ ತಟ್ಟೆ, ಸ್ಪಿರಿಟ್ ದೀಪ, ಎಲ್ಲ ಅಮ್ಮ ಹೇಳುವ ಹಾಗೇ. ನಿನ್ನ ಜಾಗದಲ್ಲಿ ನನ್ನನ್ನು ಕೂರಿಸಿದೆ.

ಬರೆಯುವಾಗ ಅದು ಅಷ್ಟು ದೊಡ್ಡ ಸುಳ್ಳು ಅನ್ನಿಸಲಿಲ್ಲ. ಒಂದೇ ವರ್ಕ್‌ಶಾಪು, ಒಂದೇ ಮನೆ ಅಂದುಕೊಂಡೆ. ವೀಸಾ ಕಿಟಕಿಯಲ್ಲಿ ಅಧಿಕಾರಿ ಕಾಗದ ತಿರುವಿಹಾಕಿ, "ಈ ರಿಪೇರಿ ನೀನೇ ಮಾಡಿದ್ದಾ?" ಅಂತ ಕೇಳಿದ. ಹೌದು ಅಂದೆ. ಅದು ಸುಳ್ಳು ಅಂತ ಆಗ ಮೊದಲ ಸಲ ಅನ್ನಿಸಿತು.

ಜೋಡಿ ಕನ್ನಡಕ ನನ್ನನ್ನು ಆರಿಸಿದ್ದೇ ಆ ಪ್ರಬಂಧ ಓದಿ. ಅವರ ಗುರುಗಳು ಬಳಸುತ್ತಿದ್ದ ಒಂದು ಲೆನ್ಸು ಇದೆ. ಅದರ ಅಂಟೂ ಹಳದಿಯಾಗಿದೆ. ಇಲ್ಲಿ ಯಾರೂ ಮುಟ್ಟಲು ಒಪ್ಪಲಿಲ್ಲವಂತೆ. ಹತ್ತು ವರ್ಷದಿಂದ ಕಪಾಟಿನಲ್ಲಿಟ್ಟು ಕಾದಿದ್ದಾರೆ. ಮೊದಲ ವಾರವೇ ಅದನ್ನು ನನ್ನ ಅಂಗೈ ಮೇಲೆ ಇಟ್ಟು, ಈ ಸೆಮಿಸ್ಟರು ಮುಗಿಯುವ ಮೊದಲು, ಡಿಸೆಂಬರ್ ಒಂಬತ್ತರ ಶುಕ್ರವಾರ ಮಾಡೋಣ, ನಾನು ಪಕ್ಕದಲ್ಲಿ ನಿಂತು ನೋಡುತ್ತೇನೆ ಅಂದರು.

ಸಿಕ್ಕಿಬಿದ್ದರೆ ಈ ಕೆಲಸ ಹೋಗುತ್ತದೆ. ಕೆಲಸ ಹೋದರೆ ಓದು ಹೋಗುತ್ತದೆ, ಓದು ಹೋದರೆ ವೀಸಾ. ಸುಳ್ಳು ಬರೆದು ಬಂದವಳು ಅಂತ ಕಡತದಲ್ಲಿ ಬರೆದು ವಾಪಸು ಕಳಿಸುತ್ತಾರೆ. ಮೆಟ್ಟಿಲ ಮೇಲೆ ಅವರ ಹೆಜ್ಜೆ ಕೇಳಿದರೆ ಕೈಯಲ್ಲಿದ್ದದ್ದನ್ನು ಕೆಳಗಿಡುತ್ತೇನೆ.

ಬೈಯಿ, ಹೊಡಿ, ಏನಾದರೂ ಮಾಡು. ಹೇಗೆ ಬಿಡಿಸಿದೆ ಅಂತ ಮಾತ್ರ ಬರೆ. ಎಷ್ಟು ಬಿಸಿ, ಎಷ್ಟು ಹೊತ್ತು.

ತಂಗಿ

*

29 ಅಕ್ಟೋಬರ್ 1994

ತಂಗೀ,

ಆ ಲೆನ್ಸನ್ನು ಮುಟ್ಟಬೇಡ.

ಕೈಗೆ ಪೆಟ್ಟಾಗಿದೆ ಅನ್ನು. ಜ್ವರ ಅನ್ನು. ತಿರುಪುಳಿ ಕಳೆದುಹೋಯಿತು ಅನ್ನು. ಇಷ್ಟು ದೊಡ್ಡ ಸುಳ್ಳು ಹೇಳಿದವಳಿಗೆ ಇನ್ನೊಂದು ಸಣ್ಣದು ಕಷ್ಟವಾಗಲಿಕ್ಕಿಲ್ಲ. ಆದರೆ ಮುಟ್ಟಬೇಡ, ಬಿಸಿ ಮಾಡಬೇಡ.

ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ. ಅಮ್ಮ ಚೆನ್ನಾಗಿದ್ದಾಳೆ.

ಅಕ್ಕ

*

15 ನವೆಂಬರ್ 1994

ಅಕ್ಕಾ,

ನಿನ್ನ ಐದು ಸಾಲಿನ ಕಾಗದ ಬಂತು. ಅದಕ್ಕಾಗಿ ದಿನಾ ಎರಡು ಸಲ ಟಪಾಲು ಡಬ್ಬಿ ನೋಡುತ್ತಿದ್ದೆ.

ಸಿಟ್ಟು ಬಂದಿದೆ, ಸರಿ. ಬರಬೇಕಾದದ್ದೇ. ನಿನ್ನ ಜೀವಮಾನದಲ್ಲಿ ಜನ ಹೊಗಳಿದ ಒಂದೇ ಕೆಲಸ ಅದು, ನಾನು ಅದನ್ನು ಕದ್ದೆ. ನೀನು ಗುಟ್ಟು ಕೈಯಲ್ಲಿ ಹಿಡಿದುಕೊಂಡು ಕೂತಿದ್ದೀಯ. ಕದ್ದವಳು ತಾನೇ ಒದ್ದಾಡಲಿ ಅಂತ. ನಿನ್ನ ಜಾಗದಲ್ಲಿ ನಾನಿದ್ದರೂ ಬಹುಶಃ ಹಾಗೇ ಮಾಡುತ್ತಿದ್ದೆ, ಆದರೆ ನೀನು ಮಾಡುತ್ತೀಯ ಅಂತ ಅಂದುಕೊಂಡಿರಲಿಲ್ಲ.

ಜ್ವರದ ಸುಳ್ಳು ಎಷ್ಟು ದಿನ ನಡೆಯುತ್ತೆ? ಅವರು ತಾರೀಕು ಗೋಡೆಯ ಮೇಲೆ ಬರೆದಿಟ್ಟಿದ್ದಾರೆ.

ನೀನು ಹೇಳದಿದ್ದರೇನು, ಅಮ್ಮ ನೂರು ಸಲ ಹೇಳಿದ್ದಾಳೆ. ಮರಳಿನ ತಟ್ಟೆ, ಕೆಳಗೆ ದೀಪ, ಮೆಲ್ಲಗೆ ಕಾಯಿಸುವುದು, ಅಂಟು ಕರಗಿದಾಗ ಹೆಬ್ಬೆರಳಿನಿಂದ ಪಕ್ಕಕ್ಕೆ ಜಾರಿಸುವುದು. ಅಮ್ಮ ಆ ಕಥೆ ಶುರು ಮಾಡಿದಾಗಲೆಲ್ಲ ಅಪ್ಪ ಎದ್ದು ಹೊರಗೆ ಹೋಗುತ್ತಿದ್ದರು. ಮಗಳ ಹೊಗಳಿಕೆ ಕೂತು ಕೇಳಲು ಸಂಕೋಚ. ನನ್ನ ಬಗ್ಗೆ ಹಾಗೆ ಎದ್ದು ಹೋಗುವಂಥದ್ದು ಅಪ್ಪನಿಗೆ ಏನೂ ಇರಲಿಲ್ಲ ಅಂತ ಆಗೆಲ್ಲ ಅನ್ನಿಸುತ್ತಿತ್ತು. ಈಗ ಹೇಳುತ್ತಿದ್ದೇನೆ.

ಒಂಬತ್ತನೇ ತಾರೀಕು ನಾನು ಮಾಡುತ್ತೇನೆ. ನಿನ್ನ ಉತ್ತರ ಅಷ್ಟರೊಳಗೆ ಬರುವುದಿಲ್ಲ, ಬರೆಯುವ ಶ್ರಮ ತಗೊಳ್ಳಬೇಡ.

ತಂಗಿ

*

6 ಡಿಸೆಂಬರ್ 1994

ತಂಗೀ,

ನಿನ್ನ ಕಾಗದ ನಿನ್ನೆ ಕೈಸೇರಿತು. ಇಪ್ಪತ್ತು ದಿನ ಎಲ್ಲಿ ಮಲಗಿತ್ತೋ. ಇದು ನಿನ್ನನ್ನು ತಲುಪುವ ಹೊತ್ತಿಗೆ ಆಗಬೇಕಾದದ್ದು ಆಗಿರುತ್ತದೆ, ಆದರೂ ಬರೆಯುತ್ತೇನೆ. ಅಕ್ಟೋಬರಿನಲ್ಲೇ ಬರೆಯಬೇಕಿತ್ತು. ನನ್ನ ಮುಖ ಉಳಿಸಿಕೊಳ್ಳಲು ಹೋದೆ.

ಗುಟ್ಟು ಯಾವುದೂ ಇಲ್ಲ. ನಾನು ಅದನ್ನು ಒಡೆದೆ.

ಅಪ್ಪ ಊರಿನಲ್ಲಿರಲಿಲ್ಲ. ಅವರು ಬರುವುದರೊಳಗೆ ಮಾಡಿ ತೋರಿಸೋಣ ಅಂತ ನಾನೇ ಮರಳು ಕಾಯಿಸಿದೆ. ಆ ಜೋಡಿಯಲ್ಲಿ ಒಂದು ಗಾಜು, ಇನ್ನೊಂದು ಗಾಜಲ್ಲ, ಖನಿಜ. ಎರಡೂ ಬಿಸಿಗೆ ಒಂದೇ ಸಮನೆ ಹಿಗ್ಗುವುದಿಲ್ಲ. ಇದು ನನಗೆ ಆಮೇಲೆ ಗೊತ್ತಾಯಿತು. ಅಂಟು ಕರಗುವ ಮೊದಲೇ 'ಟಿಕ್' ಅಂತು. ಸಣ್ಣ ಸದ್ದು, ಉಗುರು ಕತ್ತರಿಸಿದ ಹಾಗೆ. ಹದಿನೆಂಟು ವರ್ಷದಿಂದ ಆ ಸದ್ದು ನನ್ನ ಕಿವಿಯಲ್ಲಿದೆ. ಈಗಲೂ ಯಾವ ಲೆನ್ಸು ಬಿಚ್ಚುವಾಗಲೂ ಮೊದಲು ಉಸಿರು ಹಿಡಿದು ಕಾಯುತ್ತೇನೆ.

ಅಪ್ಪ ಬಂದು ನೋಡಿದರು. ನನ್ನನ್ನು ಒಳಗೆ ಕಳಿಸಿ ಬಾಗಿಲು ಹಾಕಿಕೊಂಡರು. ಮರುದಿನ ಯಂತ್ರದಲ್ಲಿ ಒಳ್ಳೆಯ ಲೆನ್ಸು ಇತ್ತು. ಎಲ್ಲಿಂದ ತಂದರು ಅಂತ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಆಗ ಅಂಗಡಿಯಲ್ಲಿ ಯಾವ್ಯಾವುದೋ ಶಾಲೆ, ಆಸ್ಪತ್ರೆಗಳ ಯಂತ್ರಗಳಿದ್ದವು. ಯಾರದ್ದರಿಂದ ಕಿತ್ತರೋ ಅನ್ನುವ ಹೆದರಿಕೆಯಿಂದ ಕೇಳುವ ಧೈರ್ಯ ಬರಲಿಲ್ಲ. ಕಾಲೇಜಿನ ಡಾಕ್ಟರು ಬಂದು ನೋಡಿ ಹಿಗ್ಗಿದರು. ಅಮ್ಮ ನಡುವೆ ಬಾಯಿಹಾಕಿ "ನಮ್ಮ ಮಗಳೇ ಮಾಡಿದ್ದು" ಅಂದಳು. ಅಪ್ಪ ನೆಲ ನೋಡಿದರು. ಅಲ್ಲಿಂದ ಆ ಕಥೆ ಕಾಲು ಮೂಡಿಸಿಕೊಂಡು ಓಡಾಡಿತು. ಅಪ್ಪ ಎದ್ದು ಹೋಗುತ್ತಿದ್ದದ್ದು ಸಂಕೋಚಕ್ಕಲ್ಲ ಕಣೇ, ನಾಚಿಕೆಗೆ.

ಆ ಯಂತ್ರ ಆಮೇಲೆ ಎರಡು ಸಲ ನನ್ನ ಮೇಜಿಗೆ ಬಂತು. ಹೊರಗೆ ಒರೆಸಿ, ತಿರುಪಿಗೆ ಎಣ್ಣೆ ಬಿಟ್ಟು ಕಳಿಸಿದೆ. ಕೊಳವೆ ಬಿಚ್ಚಲಿಲ್ಲ. ಒಳಗೆ ಅಪ್ಪ ಯಾವ ಗುರುತು ಹಾಕಿದ್ದಾರೋ. ನನ್ನದನ್ನು ಹಾಕಿದ್ದರೆ ಅಪ್ಪ ನನಗಾಗಿ ಸುಳ್ಳು ಹೇಳಿದರು ಅಂತಾಗುತ್ತದೆ. ಯಾವುದೂ ಇಲ್ಲದಿದ್ದರೆ ಇನ್ನೂ ಕೆಟ್ಟದ್ದು.

ಇವತ್ತು ಬೆಳಿಗ್ಗೆ ಬಾಗಿಲು ತೆಗೆಯುವಾಗಲೇ ಫೋನ್ ಬೂತಿಗೆ ಹೋದೆ. ಅಲ್ಲಿ ನಿಮಗೆ ನಿನ್ನೆಯ ಸಂಜೆ. ನಿನ್ನ ಕಾಗದದ ತಲೆಯಲ್ಲಿದ್ದ ವಿಭಾಗದ ನಂಬರು ಹಾಕಿಸಿದೆ. ಹೇಳಬೇಕಾದ್ದನ್ನು ರಿಪೇರಿ ಚೀಟಿಯ ಹಿಂದೆ ಬರೆದುಕೊಂಡಿದ್ದೆ. ಗಂಡಸೊಬ್ಬ ಎತ್ತಿದ. ಯಾರೋ ಗುಮಾಸ್ತ ಇರಬೇಕು. ನಿನ್ನ ಹೆಸರು ಹೇಳಿ, ಐ ಸಿಸ್ಟರ್ ಅಂದೆ. ಆಮೇಲೆ, "ಶಿ ನಾಟ್ ಡೂ. ಐ ಡೂ. ಐ ಬ್ರೇಕ್. ಪ್ಲೀಸ್, ನೋ ಫೈರ್, ನೋ ಫೈರ್." ಅವನು "ಥ್ಯಾಂಕ್ ಯು" ಅಂದ. ಲೈನು ಕಡಿಯಿತು.

ನಿನಗೆ ಹೇಳುತ್ತಾನೋ ಇಲ್ಲವೋ. ಮೇಲಿನವರಿಗೆ ಹೇಳಿಬಿಟ್ಟರೆ? ನಿನ್ನನ್ನು ಉಳಿಸಲು ಹೋಗಿ ನಾನೇ ಹಿಡಿದುಕೊಟ್ಟೆನೋ ಏನೋ. ಬೂತಿನಿಂದ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಸರಿಯಾದ ರೀತಿ ಇದು, ನಾನು ಆಮೇಲೆ ಕಲಿತದ್ದು: ಬೆಂಕಿ ಬೇಡವೇ ಬೇಡ. ಅಂಟು ಬಿಡಿಸುವ ದ್ರಾವಣದಲ್ಲಿ ಮುಚ್ಚಿದ ಶೀಸೆಯೊಳಗೆ ನೆನೆಹಾಕು. ಮೂರು ವಾರ, ನಾಲ್ಕು ವಾರ. ತಾನಾಗಿ ಬಿಡುತ್ತದೆ. ಕಾಯುವುದೇ ಕೆಲಸ.

ಅಕ್ಕ

*

10 ಡಿಸೆಂಬರ್ 1994

ಅಕ್ಕಾ,

ಒಡೆಯಿತು.

ಆದದ್ದನ್ನು ಆದ ಹಾಗೇ ಬರೆಯುತ್ತೇನೆ. ಮಂಗಳವಾರ ಬೆಳಿಗ್ಗೆ ಜೋಡಿ ಕನ್ನಡಕ ನನ್ನ ಮೇಜಿನ ಹತ್ತಿರ ಬಂದು, ಶುಕ್ರವಾರದ ಮೊದಲು ನನಗೆ ಹೇಳುವುದೇನಾದರೂ ಇದೆಯಾ ಅಂತ ಕೇಳಿದರು. ಇಲ್ಲ ಅಂದೆ. ಬುಧವಾರವೂ ಕೇಳಿದರು. ಗುರುವಾರ ಕೋಟು ಹಾಕಿಕೊಂಡು ಬಾಗಿಲವರೆಗೂ ಹೋದವರು ತಿರುಗಿ ಬಂದು ಕೇಳಿದರು. ಮುತುವರ್ಜಿಯ ಮನುಷ್ಯ ಅಂದುಕೊಂಡೆ. ಏನೂ ಇಲ್ಲ ಅಂತ ನಕ್ಕೆ.

ಶುಕ್ರವಾರ ಹತ್ತು ಗಂಟೆಗೆ ಅವರೇ ಲೆನ್ಸು ತಂದು ಮರಳಿನ ಮೇಲಿಟ್ಟರು. ದೀಪ ಹಚ್ಚಲು ಮೂರು ಕಡ್ಡಿ ಬೇಕಾಯಿತು. ಅವರು ಕೈಕಟ್ಟಿ ನಿಂತಿದ್ದರು. ಬಾಯಿ ತೆರೆದರೆ ನಿಜ ಹೊರಗೆ ಬಿದ್ದುಬಿಡುತ್ತೆ ಅನ್ನುವ ಹಾಗಿತ್ತು, ಹಲ್ಲು ಕಚ್ಚಿಕೊಂಡೆ. ಈಗ ಹೇಳು, ಈಗಲಾದರೂ ಹೇಳು ಅಂತ ಒಳಗಿನಿಂದ ಯಾರೋ ತಳ್ಳುತ್ತಿದ್ದರು. ಅಷ್ಟರಲ್ಲಿ ಟಿಕ್ ಅಂತು. ಬಹಳ ಸಣ್ಣ ಸದ್ದು ಅಕ್ಕಾ. ಇಷ್ಟು ಸಣ್ಣದಿರುತ್ತದೆ ಅಂತ ಗೊತ್ತಿರಲಿಲ್ಲ.

ನಾನು ಅಳಲೂ ಇಲ್ಲ. ಅವರು ಬಗ್ಗಿ ದೀಪ ಆರಿಸಿದರು. ಹಣೆಯ ಮೇಲಿನ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹೇಳಿದರು: "ಇದು ಗುಜರಿ ಪೆಟ್ಟಿಗೆಯದು. ನನ್ನ ಗುರುಗಳದ್ದು ಇಲ್ಲಿದೆ." ಅಂಗಿಯ ಜೇಬಿನಿಂದ ಹತ್ತಿ ಸುತ್ತಿದ ಲೆನ್ಸು ತೆಗೆದು ತೋರಿಸಿದರು. "ಸೋಮವಾರ ನಿನ್ನ ಅಕ್ಕ ಫೋನ್ ಮಾಡಿದ್ದರು. ನಾಲ್ಕು ದಿನ ನಿನಗಾಗಿ ಕಾದೆ."

ನೀನು ಫೋನ್ ಮಾಡಿದೆಯಾ? ಏನು ಹೇಳಿದೆ? ಅವರು ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಪ್ರಬಂಧದ ವಿಷಯ ವಿಭಾಗದ ಸಮಿತಿಗೆ ತಿಳಿಸಲೇಬೇಕು, ಆದರೆ ನೀನೇ ಹೋಗಿ ಹೇಳುವುದಾದರೆ ನಾನು ಮೊದಲು ಹೋಗುವುದಿಲ್ಲ ಅಂದರು. ಸಮಿತಿ ಸೇರುವುದು ಹತ್ತೊಂಬತ್ತನೇ ತಾರೀಕು, ಸೋಮವಾರ.

ಪೆಟ್ಟಿಗೆ ಅರ್ಧ ಕಟ್ಟಿಟ್ಟಿದ್ದೇನೆ. ಅಮ್ಮನಿಗೆ ಏನು ಹೇಳುವುದು ಅಂತ ಗೊತ್ತಾಗುತ್ತಿಲ್ಲ. ಹೋದ ಕಾಗದದಲ್ಲಿ ನಿನ್ನ ಬಗ್ಗೆ ಬರೆದದ್ದನ್ನು ಹರಿದುಹಾಕು.

ತಂಗಿ

*

20 ಡಿಸೆಂಬರ್ 1994

ಅಕ್ಕಾ,

ನಿನ್ನ ಆರನೇ ತಾರೀಕಿನ ಕಾಗದ ಶನಿವಾರ ಬಂತು. ಮೆಟ್ಟಿಲ ಮೇಲೆ ನಿಂತೇ ಓದಿದೆ. ನಾನು ಕದ್ದದ್ದು ನಿನ್ನದೂ ಆಗಿರಲಿಲ್ಲ. ಹದಿನೆಂಟು ವರ್ಷ ಒಬ್ಬಳೇ ಹೇಗೆ ಇಟ್ಟುಕೊಂಡಿದ್ದೆ?

ನೀನು ಗುಮಾಸ್ತ ಅಂದುಕೊಂಡದ್ದು ಜೋಡಿ ಕನ್ನಡಕವನ್ನೇ.

ನಿನ್ನೆ ಸಮಿತಿಯ ಮುಂದೆ ಹೋದೆ. ಮೂವರಿದ್ದರು. ಒಡೆದ ಲೆನ್ಸನ್ನು ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ, ವೀಸಾ ಕಿಟಕಿಯಲ್ಲಿ ಹೇಳಿದ ಹೌದನ್ನೂ ಸೇರಿಸಿ. ಒಬ್ಬರು ನನ್ನನ್ನು ನೋಡದೆ ಬರೆದುಕೊಳ್ಳುತ್ತಲೇ ಇದ್ದರು. ಹೊರಗಿನ ಬೆಂಚಿನ ಮೇಲೆ ಒಂದು ಗಂಟೆ ಕೂರಿಸಿದರು. ಆ ಒಂದು ಗಂಟೆ ಬಗ್ಗೆ ಬರೆಯಲಾರೆ.

ಮೇ ತಿಂಗಳವರೆಗೆ ಉಳಿಸಿಕೊಂಡಿದ್ದಾರೆ. ಆಮೇಲೆ ಮತ್ತೆ ನೋಡುತ್ತಾರಂತೆ. ಉಪಕರಣಗಳ ಕೋಣೆಯ ಕೆಲಸ ಹೋಯಿತು, ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವುದು ಕೊಟ್ಟಿದ್ದಾರೆ. ಹಳೆಯ ಪ್ರಬಂಧವನ್ನು ಕಡತದಲ್ಲೇ ಇಟ್ಟು, ಅದರ ಪಕ್ಕಕ್ಕೆ ನಿಜವಾದದ್ದನ್ನು ಬರೆದು ಸೇರಿಸಬೇಕು. ಎರಡೂ ಒಟ್ಟಿಗೆ ಇರುತ್ತವೆ, ಯಾರು ತೆಗೆದರೂ ಕಾಣುವ ಹಾಗೆ. ಬಟ್ಟಲಿನಲ್ಲಿ ತಿರುಪು ತೊಳೆದದ್ದನ್ನು ಬರೆಯುತ್ತಿದ್ದೇನೆ.

ನಿನ್ನ ನೆನೆಹಾಕುವ ವಿಧಾನವನ್ನು ಇಂಗ್ಲಿಷಿಗೆ ಮಾಡಿ ಜೋಡಿ ಕನ್ನಡಕದ ಮೇಜಿನ ಮೇಲಿಟ್ಟು ಬಂದೆ. ಇವತ್ತು ಬಾಗಿಲಿನ ಗಾಜಿನಿಂದ ಇಣುಕಿದಾಗ ಕಪಾಟಿನ ಮೇಲೆ ಮುಚ್ಚಿದ ಶೀಸೆಯೊಂದು ಇತ್ತು.

ಒಡೆದ ಲೆನ್ಸು ನನ್ನ ಹತ್ತಿರವೇ ಇದೆ. ಕೆಟ್ಟ ಕೆಲಸಕ್ಕೂ ಗುರುತು ಹಾಕಬೇಕು ಅಂತ ಅಪ್ಪ ಹೇಳುತ್ತಿದ್ದರಲ್ಲ. ನಾನು ಯಾವ ಗುರುತು ಹಾಕಲಿ?

ತಂಗಿ

*

5 ಜನವರಿ 1995

ತಂಗೀ,

ನಿನ್ನ ಎರಡೂ ಕಾಗದ ಒಂದರ ಬೆನ್ನಿಗೆ ಒಂದು ಬಂದವು. ಮೊದಲನೆಯದು ಓದಿ ಮೂರು ದಿನ ಯಾರ ಜೊತೆಯೂ ಮಾತಾಡಲಿಲ್ಲ. ಅಮ್ಮ ನನಗೆ ಹಲ್ಲುನೋವು ಅಂದುಕೊಂಡಳು.

ನೀನು ಮೂವರ ಮುಂದೆ ಹೋಗಿ ನಿಂತೆ. ನಾನು ಇಲ್ಲಿ ಕೂತು ನಿನಗೆ ಬುದ್ಧಿ ಹೇಳುವುದು ಹೇಗೆ? ಸೋಮವಾರ ಬಟ್ಟೆ ಬದಲಿಸಿ ವೈದ್ಯಕೀಯ ಕಾಲೇಜಿಗೆ ಹೋದೆ. ಹಳೆಯ ಡಾಕ್ಟರು ಈಗಿಲ್ಲ, ಆ ಜಾಗದಲ್ಲಿ ನನ್ನ ವಯಸ್ಸಿನ ಹೆಂಗಸು ಇದ್ದಾರೆ. ನಿಂತುಕೊಂಡೇ ಹೇಳಿದೆ. ನಿಮ್ಮ ದೊಡ್ಡ ಮೈಕ್ರೋಸ್ಕೋಪಿನಲ್ಲಿರುವ ಲೆನ್ಸು ಕಾಲೇಜಿನದಲ್ಲ, ನಿಮ್ಮದನ್ನು ನಾನು ಒಡೆದೆ, ಇದು ಯಾರದ್ದು ಅಂತ ನನಗೆ ಗೊತ್ತಿಲ್ಲ, ಕದ್ದದ್ದೂ ಇರಬಹುದು ಅಂದೆ. ಅವರು ಪೆನ್ನು ಕೆಳಗಿಟ್ಟು, "ಹಾಗಾದ್ರೆ ಬಿಚ್ಚಿ ನೋಡಿ," ಅಂದರು. ಅಷ್ಟೇ.

ಯಂತ್ರ ತರಿಸಿದರು, ಅವರ ಮೇಜಿನ ಮೇಲೇ ಬಿಚ್ಚಿದೆ. ತಿರುಪು ಸಡಿಲಿಸುವಾಗ ಬೆವರಿಗೆ ತಿರುಪುಳಿ ಎರಡು ಸಲ ಜಾರಿತು. ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ.

ಗುರುತು ಇತ್ತು ಕಣೇ. ಮೂರು ಅಡ್ಡಗೀಟು. ಚುಕ್ಕೆ ಇರಲಿಲ್ಲ. ಅದರ ಮುಂದೆ ಅಪ್ಪನ ಅಕ್ಷರದಲ್ಲಿ 'ಒಡೆಯಿತು', ತಾರೀಕು. ಅದರ ಕೆಳಗೆ ಮತ್ತೆ ಮೂರು ಗೀಟು, 'ಬದಲಿ', ಮರುದಿನದ ತಾರೀಕು, ಯಾವುದೋ ಯಂತ್ರದ ನಂಬರು. ಒಡೆದ ಗುರುತೂ ಅವರದೇ, ಕೂರಿಸಿದ ಗುರುತೂ ಅವರದೇ. ನನ್ನ ಹೆಸರನ್ನು ಎಲ್ಲಿಯೂ ಬರಗೊಟ್ಟಿಲ್ಲ.

ಆ ನಂಬರು ಯಾವ ಶಾಲೆಯದ್ದು, ಯಾವ ಆಸ್ಪತ್ರೆಯದ್ದು ಅಂತ ಮನೆಗೆ ಬಂದು ಹಳೆಯ ರಿಪೇರಿ ಪುಸ್ತಕಗಳನ್ನೆಲ್ಲ ತಿರುವಿದೆ. ಎಲ್ಲೂ ಇಲ್ಲ. ಸಂಜೆ ಕಣ್ಣು ಮೇಲೆತ್ತಿದರೆ ಎದುರಿಗೆ ಗಾಜಿನ ಗೂಡು. ಅದರ ಬೀಗದ ಕೈ ಅಪ್ಪನ ಡ್ರಾಯರಿನಲ್ಲೇ ಇತ್ತು, ಇಷ್ಟು ವರ್ಷ. ಬೀಗ ತೆಗೆದು ಅಪ್ಪನ ಮೈಕ್ರೋಸ್ಕೋಪನ್ನು ಹೊರಗೆ ತೆಗೆದೆ. ಅದರ ಪಾದದ ಮೇಲೆ ಅದೇ ನಂಬರು. ಗೋಡೆಯ ಕಡೆಗೆ ತಿರುಗಿಸಿಟ್ಟಿದ್ದ ಮಗ್ಗುಲಲ್ಲಿ, ಲೆನ್ಸು ಕೂರಿಸುವ ಮೂರು ತೂತುಗಳಲ್ಲಿ ಒಂದು ಖಾಲಿ. ಅದರ ಬಾಯಿಗೆ ಅಪ್ಪ ಒಂದು ಹಿತ್ತಾಳೆ ಬಿರಡೆ ಹಾಕಿದ್ದರು.

ಆ ವರ್ಷದಿಂದ ಅಪ್ಪ ಅದರಲ್ಲಿ ಕಣ್ಣಿಡಲಿಲ್ಲ, ನೆನಪಿದೆಯಾ? ವಯಸ್ಸಾಯಿತು, ಕಣ್ಣು ಮಂಜು ಅನ್ನುತ್ತಿದ್ದರು. ಆಗ ಅವರಿಗೆ ನಲವತ್ತೆರಡು. ನಾನು ನಂಬಿದೆ. ಮೂರು ಕಡೆ ಒರೆಸುತ್ತಾ ಬಂದೆ.

ಕಾಲೇಜಿನವರು ಇನ್ನು ಮುಂದೆ ಕೆಲಸ ಕೊಡುತ್ತಾರೋ ಇಲ್ಲವೋ ಗೊತ್ತಿಲ್ಲ. ಯೋಚಿಸಿ ತಿಳಿಸುತ್ತೇವೆ ಅಂದಿದ್ದಾರೆ. ಭಯ ಇದ್ದೇ ಇದೆ. ನಿನಗೆ ಮೇ ತಿಂಗಳು, ನನಗೆ ಅವರ ಕಾಗದ. ಇಬ್ಬರೂ ಕಾಯೋಣ.

ನಿನ್ನ ಗುರುತು ಕೇಳಿದೆಯಲ್ಲ. ಮೂರು ಗೀಟು ಹಾಕು. ಚುಕ್ಕೆ ಎಲ್ಲಿಡಬೇಕು ಅಂತ ನೀನೇ ನೋಡಿಕೋ. ಹಾಕುವ ಮೊದಲು ಪಕ್ಕದಲ್ಲಿ 'ಒಡೆಯಿತು' ಅಂತ ಬರೆಯುವುದನ್ನು ಮರೆಯಬೇಡ.

ಕಾಲೇಜಿನ ಆ ಕೊಳವೆಯನ್ನು ಮುಚ್ಚುವ ಮೊದಲು ನಾನೂ ಅಪ್ಪನ ಗೀಟುಗಳ ಪಕ್ಕದಲ್ಲಿ ನನ್ನ ಚುಕ್ಕೆ ಇಟ್ಟೆ, 'ಒಡೆಯಿತು' ಅನ್ನುವ ಸಾಲಿಗೆ ಮಾತ್ರ. ಮೊನೆ ಜಾರಿ ಅದು ಸ್ವಲ್ಪ ಉದ್ದವಾಗಿದೆ.

ಅಕ್ಕ